ಶೇಡ್ ಮಾಸ್ತರು ಮತ್ತು ಬಿಳಿ ಸೇವಂತಿಗೆ

ನನ್ನ ಗಂಡನನ್ನು ಅವರ ಕಾರ್ಖಾನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮ್ಯಾನೇಜರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ಶೇಡ್ ಮಾಸ್ತರು. ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಅದು. ಗಿರಾಕಿ ಅಂಗೈಯಗಲದ ಚಿಂದಿಯೊಂದನ್ನು ತಂದು ಇದೇ ಬಣ್ಣ ಬೇಕು ಎಂದರೆ, ಯಾವ ಪುಡಿ ಎಷ್ಟು, ನೀರಿನ ಕಾವು ಎಷ್ಟು, ಎಷ್ಟು ಹೊತ್ತು ಅದ್ದಬೇಕು ಎಂದು ಇವರು ಬರೆದುಕೊಡಬೇಕು. ಬಣ್ಣ ಕುಡಿದು ಒಣಗಿದ ನೂಲಿನ ಕಟ್ಟನ್ನು, ಅದಕ್ಕೆ ಅವರು ಲಡಿ ಎನ್ನುತ್ತಾರೆ, ಆ ಚಿಂದಿಯ ಪಕ್ಕದಲ್ಲಿಟ್ಟು ನೋಡಿ 'ಆಯ್ತು' ಅಥವಾ 'ಆಗಿಲ್ಲ' ಎನ್ನಬೇಕು. ಮೂವತ್ತೊಂದು ವರ್ಷ ಇದನ್ನೇ ಮಾಡಿದರು. ಇವರು 'ಆಯ್ತು' ಎಂದರೆ ಲಾರಿ ಹೊರಡುತ್ತಿತ್ತು. 'ಆಗಿಲ್ಲ' ಎಂದರೆ ಮಾಲೀಕರೇ ಬಂದು ನಿಂತರೂ ಹೊರಡುತ್ತಿರಲಿಲ್ಲ.

ಅಂಥವರನ್ನು ಕಟ್ಟಿಕೊಂಡವಳ ಕಷ್ಟ ಬೇರೆಯವರಿಗೆ ಹೇಗೆ ಗೊತ್ತಾಗಬೇಕು? ಮದುವೆಯಾದ ಹೊಸತರಲ್ಲಿ ಇವರ ಕೋಟಿನ ಗುಂಡಿಯೊಂದು ಬಿದ್ದುಹೋಗಿ, ಅಂಥದೇ ಗುಂಡಿ ತಂದು ಹೊಲಿದಿದ್ದೆ. ಎರಡೂ ಕಂದು, ನಾಲ್ಕು ತೂತು, ಇನ್ನೇನು ಬೇಕು? ಇವರು ಕೋಟನ್ನು ಕಿಟಕಿಗೆ ಹಿಡಿದು ನೋಡಿ, "ಅಂಗಡಿಗೆ ಕೋಟು ತಗೊಂಡು ಹೋಗಿದ್ಯಾ?" ಎಂದು ಕೇಳಿದರು. ಇಲ್ಲ, ಬಣ್ಣ ನೆನಪಿತ್ತಲ್ಲ ಎಂದೆ. ಅವತ್ತು ನನಗೆ ಅರ್ಧ ಗಂಟೆಯ ಪಾಠವಾಯಿತು. ಮನುಷ್ಯನ ನೆನಪಿಗೆ ಮುಖ ನಿಲ್ಲುತ್ತದಂತೆ, ಮಾತು ನಿಲ್ಲುತ್ತದಂತೆ, ಬಣ್ಣ ನಿಲ್ಲುವುದಿಲ್ಲವಂತೆ. ಕೆಂಪನ್ನು ನೆನಪು ಇನ್ನಷ್ಟು ಕೆಂಪು ಮಾಡುತ್ತದಂತೆ, ಬಿಳಿಯನ್ನು ಇನ್ನಷ್ಟು ಬಿಳಿ. ಅದಕ್ಕೇ ನಮೂನೆ ಕೈಯಲ್ಲಿಲ್ಲದೆ ಬಣ್ಣದ ಬಗ್ಗೆ ಬಾಯಿ ಬಿಡಬಾರದು ಎಂದು ಕೆಲಸಕ್ಕೆ ಸೇರುವ ಪ್ರತಿಯೊಬ್ಬನಿಗೂ ಮೊದಲ ದಿನವೇ ಹೇಳುತ್ತಾರಂತೆ. ನನಗೂ ಹೇಳಿದರು. ಮರುದಿನ ನಾನು ಕೋಟು ಹೊತ್ತುಕೊಂಡು ಅಂಗಡಿಗೆ ಹೋದೆ.

ಇಷ್ಟು ಬಿಗಿಯ ಮನುಷ್ಯ ಮಗುವಾಗುತ್ತಿದ್ದದ್ದು ವರ್ಷಕ್ಕೆ ಆರು ವಾರ ಮಾತ್ರ. ನಮ್ಮ ಮನೆಯ ಹಿಂದೆ ನಾಲ್ಕು ಮಂಚ ಹಾಕುವಷ್ಟು ಜಾಗವಿದೆ. ಬೇರೆ ತಿಂಗಳಲ್ಲಿ ಅಲ್ಲಿ ನೋಡುವಂಥದ್ದೇನೂ ಇರುತ್ತಿರಲಿಲ್ಲ. ಮಳೆ ಪೂರ್ತಿ ನಿಂತು, ಬಿಸಿಲು ತೆಳ್ಳಗಾಗಿ, ಬೆಳಿಗ್ಗೆ ಬಾಗಿಲು ತೆರೆದರೆ ಕಿವಿ ತಣ್ಣಗಾಗುವ ಕಾಲ ಬರುತ್ತದಲ್ಲ, ಊರಿನ ತೋಟಗಳೆಲ್ಲ ಮುಗಿಯಿತು ಎಂದು ಮಲಗುವ ಹೊತ್ತು, ಆಗ ನಮ್ಮ ಹಿತ್ತಿಲು ಎದ್ದು ಕೂರುತ್ತಿತ್ತು. ಇವರು ಬೇಕೆಂದೇ ಕೊನೆಗೆ ಅರಳುವ ಗಿಡಗಳನ್ನೇ ಆರಿಸಿ ಹಾಕುತ್ತಿದ್ದರು. ಬೇಸಿಗೆಯ ಹೂಗಳಿಗೆ ಬಿಸಿಲಿನ ಏಟು ಬಿದ್ದು ಬಣ್ಣ ಹಾರುತ್ತದೆ, ಶರತ್ಕಾಲದ ಕೊನೆಯ ಹೂಗಳು ಮಾತ್ರ ಬಣ್ಣವನ್ನು ಒಳಗಿಟ್ಟುಕೊಂಡು ಬರುತ್ತವೆ ಎಂದು ಅವರ ವಾದ. ಗೋಡೆಯುದ್ದಕ್ಕೂ ತಟ್ಟೆಯಷ್ಟಗಲದ ಡೇರೆ ಹೂಗಳು, ದಾಳಿಂಬೆಯ ಕೆಂಪಿನಿಂದ ಬದನೆಕಾಯಿಯ ನೇರಳೆಯವರೆಗೆ. ಮುಂದೆ ಚೆಂಡುಹೂವಿನ ಸಾಲು. ನಡುವೆ ಆಸ್ಟರ್‌ಗಳು. ಬಾವಿಯ ಕಡೆಗೆ ಸೇವಂತಿಗೆ: ಜೇನಿನ ಬಣ್ಣ, ತುಕ್ಕಿನ ಬಣ್ಣ, ಇಟ್ಟಿಗೆಯ ಬಣ್ಣ, ಹೊರಗೆ ಕಂದಾಗಿ ಒಳಗೆ ಹೊನ್ನಾಗಿರುವ ಒಂದು ಜಾತಿ. ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತರೆ ಟೀ ಆರಿಹೋದದ್ದೂ ಇವರಿಗೆ ತಿಳಿಯುತ್ತಿರಲಿಲ್ಲ.

ಬೇರೆಯವರು ಗಿಡಕ್ಕೆ ಹೆಸರು ಬರೆದ ಪಟ್ಟಿ ನೆಡುತ್ತಾರೆ. ಇವರು ನೂಲು ಕಟ್ಟುತ್ತಿದ್ದರು. ಹೂವೊಂದನ್ನು ಕಿತ್ತು ಕಾರ್ಖಾನೆಗೆ ಒಯ್ದು, ಮಧ್ಯಾಹ್ನದ ಬಿಡುವಿನಲ್ಲಿ ಅದೇ ಬಣ್ಣಕ್ಕೆ ಗೇಣುದ್ದ ನೂಲನ್ನು ಅದ್ದಿ ತೆಗೆದು, ತಂದು ಆ ಗಿಡದ ಕಾಂಡಕ್ಕೆ ಗಂಟು ಹಾಕುತ್ತಿದ್ದರು. ಹೂವು ಉದುರಿ, ಗಿಡ ಬರೀ ಕಡ್ಡಿಯಾಗಿ ನಿಂತಾಗಲೂ ಯಾವುದರಲ್ಲಿ ಯಾವ ಬಣ್ಣ ಬರುತ್ತದೆಂದು ನೂಲು ಹೇಳುತ್ತಿತ್ತು. ನೆರೆಯವರು ನೋಡಿ, ನಿಮ್ಮ ಮನೆಯ ಗಿಡಗಳಿಗೆಲ್ಲ ಗಾಯವಾಗಿದೆಯಾ, ಪಟ್ಟಿ ಕಟ್ಟಿದ್ದೀರಲ್ಲ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಅರಳಿದ ಹೂವಿನ ಪಕ್ಕಕ್ಕೆ ಆ ನೂಲನ್ನು ಹಿಡಿದು ನೋಡಿದರೆ ಎಲ್ಲಿ ಹೂವು ಮುಗಿಯಿತು, ಎಲ್ಲಿ ನೂಲು ಶುರುವಾಯಿತು ಎಂದು ಹೇಳಲಾಗುತ್ತಿರಲಿಲ್ಲ. ಒಳಗೊಳಗೇ ನನಗೆ ಹೆಮ್ಮೆ.

ಆ ಹಿತ್ತಿಲಲ್ಲಿ ಎಲ್ಲ ಬಣ್ಣವೂ ಇತ್ತು, ಬಿಳಿ ಮಾತ್ರ ಇರಲಿಲ್ಲ. ಬಿಳಿಗೆ ಇವರು ಒಂದೇ ಹೂವನ್ನು ಕಾಯುತ್ತಿದ್ದರು. ನಮ್ಮತ್ತೆ ಬದುಕಿದ್ದಾಗ ತಮ್ಮ ಮನೆಯ ಮೆಟ್ಟಿಲ ಬಳಿ ಒಂದು ಸೇವಂತಿಗೆ ಬೆಳೆಸಿದ್ದರು. ಅಂಥ ಬಿಳಿಯನ್ನು ತಾನು ಮತ್ತೆಲ್ಲೂ ಕಂಡಿಲ್ಲ, ಮೂವತ್ತೊಂದು ವರ್ಷದಲ್ಲಿ ಯಾವ ಲಡಿಗೂ ಆ ಬಿಳಿ ಹತ್ತಲಿಲ್ಲ ಎಂದು ಇವರು ಹೇಳುತ್ತಿದ್ದರು. ಅತ್ತೆ ತೀರಿಕೊಂಡು ಆ ಮನೆ ಮಾರಿದಾಗ ಗಿಡವನ್ನು ಕುಂಡಕ್ಕೆ ಹಾಕಿಕೊಂಡು ಹೋದವಳು ನನ್ನ ನಾದಿನಿ, ಇವರ ಒಬ್ಬಳೇ ತಂಗಿ. ಒಂದು ಮರಿ ಕೊಡು ಎಂದು ಇವರು ಪ್ರತಿ ವರ್ಷ ಕೇಳುವುದು, ಮುಂದಿನ ವರ್ಷ ಕೊಡುತ್ತೇನೆ ಅಣ್ಣ ಎಂದು ಅವಳು ಹೇಳುವುದು. ಹೀಗೆ ಏಳು ವರ್ಷ ಕಳೆಯಿತು.

ಈ ನಾದಿನಿಯ ಬಗ್ಗೆ ಸ್ವಲ್ಪ ಹೇಳಬೇಕು. ಹೇಳದಿದ್ದರೆ ನಾನು ಮಾಡಿದ್ದು ಯಾಕೆಂದು ತಿಳಿಯುವುದಿಲ್ಲ, ಹೇಳಿದರೆ ನನ್ನ ಸಣ್ಣತನ ಬಯಲಾಗುತ್ತದೆ. ಆಗಲಿ. ಅವಳು ನಮ್ಮ ಊರಿನದೇ ಇನ್ನೊಂದು ತುದಿಯಲ್ಲಿ ಇದ್ದಳು. ಗಂಡ ಬೇಗ ಹೋಗಿದ್ದ, ಮಗಳೊಬ್ಬಳು. ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡಿಕೊಂಡು ಯಾರ ಹಂಗೂ ಇಲ್ಲದೆ ಬದುಕಿದವಳು. ಭಾನುವಾರ ತಪ್ಪದೆ ನಮ್ಮ ಮನೆಗೆ ಬರುತ್ತಿದ್ದಳು. ಬಂದವಳೇ ನನ್ನ ಅಡುಗೆಮನೆಯ ಡಬ್ಬಿಗಳನ್ನು ಜರುಗಿಸುತ್ತಿದ್ದಳು. ಉಪ್ಪು ಒಲೆಯ ಹತ್ತಿರ ಇರಬೇಕು ಅತ್ತಿಗೆ, ಸಕ್ಕರೆ ಮೇಲೆ ಇರಬೇಕು ಅತ್ತಿಗೆ. ಸೋಮವಾರ ಬೆಳಿಗ್ಗೆ ನಾನು ಟೀಗೆ ಉಪ್ಪು ಹಾಕಿದ್ದೂ ಉಂಟು. ಇಷ್ಟಾದರೆ ನಗಬಹುದಿತ್ತು. ನಮಗೆ ಮಕ್ಕಳಾಗಲಿಲ್ಲ. ಒಂದು ಭಾನುವಾರ ಹಿತ್ತಿಲಲ್ಲಿ ಡೇರೆ ಹೂಗಳ ಮುಂದೆ ನಿಂತು ಅವಳು, "ನಮ್ಮಣ್ಣನ ಕೈಯಲ್ಲಿ ಗಿಡಗಳಾದ್ರೂ ಬೆಳೆದ್ವಲ್ಲ, ಅಷ್ಟೇ ಸಮಾಧಾನ" ಎಂದಳು. ನಗುತ್ತಾ ಅಂದಳು. ಅಂದದ್ದು ಮರುಕ್ಷಣ ಮರೆತೂ ಇರಬೇಕು. ನಾನು ಮರೆಯಲಿಲ್ಲ. ಹದಿನಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೆ.

ಇವರು ನಿವೃತ್ತರಾಗುವ ಹೊತ್ತಿಗೆ ಮನೆಯಲ್ಲಿ ಕೆಲವು ವಿಚಿತ್ರಗಳು ಶುರುವಾಗಿದ್ದವು. ಒಳಗಿನ ಗೋಡೆಗಳಿಗೆ ಬಿಳಿ ಹೊಡೆಯಲು ಬಂದ ಪೇಂಟರ್‌ನೊಂದಿಗೆ ಜಗಳವಾಯಿತು. ಬಿಳಿ ಎಂದು ಹೇಳಿ ಕೆನೆ ಬಣ್ಣ ಬಳಿದಿದ್ದೀಯ ಎಂದು ಇವರು. ಡಬ್ಬಿಯ ಮೇಲೆ ಬರೆದದ್ದನ್ನು ತೋರಿಸುತ್ತಾ ಅವನು. ಕೊನೆಗೆ ಆ ಬಡಪಾಯಿ ಬಣ್ಣಕ್ಕೆ ಒಂದು ಹಿಡಿ ನೀಲಿ ಕಲಸಿ ಇನ್ನೊಂದು ಸುತ್ತು ಹೊಡೆದ. ಇವರಿಗೆ ಹಾಲು ಕುಡಿದಷ್ಟು ಸಂತೋಷ. ನಾವು ಅಂದಿನಿಂದ ಆಸ್ಪತ್ರೆಯ ವಾರ್ಡಿನಂಥ ನೀಲಿ ಕೋಣೆಯಲ್ಲಿ ಮಲಗುತ್ತಿದ್ದೇವೆ. ಅಂಗಿಗಳಿಗೂ ಅದೇ ಗತಿ. ನೀಲಿ ಸಾಲದು, ಇನ್ನಷ್ಟು ಹಾಕು ಎಂದು ಹೇಳಿ ಹೇಳಿ, ಇವರು ತೊಟ್ಟು ಹೊರಟರೆ ಬೀದಿಯವರು ಸೆಕ್ಯೂರಿಟಿ ಗಾರ್ಡ್ ಕೆಲಸ ಸಿಕ್ಕಿತೇ ಎಂದು ಕೇಳುವಂತಾಯಿತು. ಕಾರ್ಖಾನೆಯ ಬೀಳ್ಕೊಡುಗೆಯ ದಿನ ಲ್ಯಾಬಿನ ಮೇಡಮ್ ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ, ಮಾಸ್ತರ ಕಣ್ಣು ಒಮ್ಮೆ ತೋರಿಸಿ, ಎರಡು ವರ್ಷದಿಂದ ಬಿಳಿ ಮತ್ತು ಕೆನೆ ಲಡಿಗಳನ್ನು ಮಾತ್ರ ಅವರಿಗೆ ತಿಳಿಯದಂತೆ ನಾನೇ ಎರಡನೇ ಸಲ ನೋಡುತ್ತಿದ್ದೆ, ಎಂದರು. ಇವರಿಗೆ ಹೇಳಲು ಅವರಿಗೂ ಧೈರ್ಯವಿರಲಿಲ್ಲ. ನಾನು ಹೂಂ ಎಂದೆ. ಮನೆಗೆ ಬಂದು ಇವರಿಗೆ ಹೇಳಲಿಲ್ಲ. ಶೇಡ್ ಮಾಸ್ತರಿಗೆ ಕಣ್ಣು ಮಂದವಾಗಿದೆ ಎಂದು ಹೇಳುವುದು ಯಾರಿಂದಾಗುತ್ತದೆ?

ನಿವೃತ್ತರಾದ ಎರಡನೇ ವರ್ಷ, ಶರತ್ಕಾಲದ ಒಂದು ಭಾನುವಾರ ನಾದಿನಿ ಬಸ್ಸಿನಲ್ಲಿ ತೊಡೆಯ ಮೇಲೆ ಕುಂಡ ಇಟ್ಟುಕೊಂಡು ಬಂದಳು. ಸೀರೆಯ ತುಂಬಾ ಮಣ್ಣು. ಕುಂಡದಲ್ಲಿ ಅತ್ತೆಯ ಸೇವಂತಿಗೆ, ಮೂರು ಕಾಂಡ, ಹತ್ತಿಪ್ಪತ್ತು ಬಿಗಿದ ಮೊಗ್ಗು. ಇವರು ಕುಂಡವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಕಣ್ಣು ಒದ್ದೆಯಾಗಿತ್ತು. ಹಿತ್ತಿಲಿನ ಅತಿ ಒಳ್ಳೆಯ ಜಾಗದಲ್ಲಿ, ಬೆಳಗಿನ ಬಿಸಿಲು ಮೊದಲು ಬೀಳುವಲ್ಲಿ ಅದನ್ನು ಇಳಿಸಿದರು. ಆಮೇಲಿನ ಹತ್ತು ದಿನ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಕಾದರು.

ಹತ್ತನೇ ದಿನ ಹೂವು ಬಿಚ್ಚಿತು. ನಾನು ಬಟ್ಟೆ ಒಣಹಾಕಲು ಹೋದವಳು ಮೊದಲು ನೋಡಿದೆ. ಎಂಥ ಬಿಳಿ ಎನ್ನಲಿ! ಎಸಳಿನ ಬುಡದಲ್ಲೂ ಎಳ್ಳಷ್ಟು ಬೇರೆ ಬಣ್ಣವಿಲ್ಲ, ತೊಳೆದ ಪಿಂಗಾಣಿಯ ಹಾಗೆ. ಇವರನ್ನು ಕೂಗಿದೆ. ಬಂದರು, ಬಗ್ಗಿದರು, ಬಹಳ ಹೊತ್ತು ನೋಡಿದರು. ಎದ್ದು ನಿಂತಾಗ ಮುಖ ಬೇರೆಯಾಗಿತ್ತು.

"ಇದು ಅಮ್ಮನದ್ದಲ್ಲ," ಎಂದರು. "ಇದು ಹಳದಿ ತಿರುಗಿದೆ. ಕೆನೆ. ಅಸಲಿ ಗಿಡ ಇಟ್ಕೊಂಡು ನನಗೆ ಬೇರೆ ಯಾವುದನ್ನೋ ದಾಟಿಸಿದಾಳೆ."

ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಹಳದಿಯೂ ಇಲ್ಲ, ಕೆನೆಯೂ ಇಲ್ಲ, ನಿಮ್ಮ ಕಣ್ಣು ತೋರಿಸಿ ಎನ್ನಬಹುದಿತ್ತು. ಅದಕ್ಕಿಂತ ಸುಲಭವಾದ ದಾರಿಯೂ ಇತ್ತು. ನಮೂನೆ ಇಲ್ಲದೆ ಬಾಯಿ ಬಿಡಬಾರದು ಎಂದು ಊರಿಗೆಲ್ಲ ಪಾಠ ಹೇಳಿದವರಲ್ಲವೇ ಇವರು? ನಿಮ್ಮ ಹತ್ತಿರ ಇರುವ ನಮೂನೆ ಯಾವುದು, ಬರೀ ನೆನಪಲ್ಲವೇ, ಒಂದು ತುಂಡು ಬಿಳಿ ನೂಲನ್ನು ಪಕ್ಕಕ್ಕಿಟ್ಟು ನೋಡಿ ಎಂದಿದ್ದರೆ ಸಾಕಿತ್ತು. ಅವರ ಮಾತನ್ನೇ ಅವರಿಗೆ ಹೇಳಿದ ಹಾಗಾಗುತ್ತಿತ್ತು, ಕೋಪವೂ ಬರುತ್ತಿರಲಿಲ್ಲ. ನಾನು ಒದ್ದೆ ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದೆ. ಭಾನುವಾರದ ಮಹಾರಾಣಿ ಈ ಸಲ ಸಿಕ್ಕಿಹಾಕಿಕೊಂಡಳು ಎಂದು ಒಳಗೆ ಒಂದು ಸಣ್ಣ ಖುಷಿ ಆಗಿತ್ತು. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿತ್ತು.

ಆ ಭಾನುವಾರ ನಾದಿನಿ ಬಂದಾಗ ಜಗಳ ಬಹಳ ಹೊತ್ತು ನಡೆಯಲಿಲ್ಲ. ಇವರು ಕೂಗಾಡುವವರಲ್ಲ. ಗಿಡದ ಮುಂದೆ ನಿಲ್ಲಿಸಿ, ಕಾರ್ಖಾನೆಯಲ್ಲಿ ಕಳಪೆ ಲಡಿ ವಾಪಸು ಕಳಿಸುವ ದನಿಯಲ್ಲೇ ಹೇಳಿದರು. ಅವಳು ಮೊದಲು ತಮಾಷೆ ಎಂದುಕೊಂಡು ನಕ್ಕಳು. ಆಮೇಲೆ ಇದು ಅಮ್ಮನದ್ದೇ ಅಣ್ಣ, ನಾನೇ ಮೆಟ್ಟಿಲ ಹತ್ತಿರದಿಂದ ಅಗೆದು ತಂದಿದ್ದು ಎಂದಳು. ಬಣ್ಣದ ವಿಷಯ ನನಗೆ ಹೇಳಿಕೊಡಬೇಡ ಎಂದರು ಇವರು. ಏಳು ವರ್ಷ ಸತಾಯಿಸಿ ಕೊನೆಗೆ ಇದನ್ನು ಕೊಟ್ಟೆಯಲ್ಲ, ಕೊಡಲು ಮನಸ್ಸಿಲ್ಲದಿದ್ದರೆ ಇಲ್ಲ ಎನ್ನಬಹುದಿತ್ತು, ಅಮ್ಮನ ಹೆಸರಲ್ಲಿ ಮೋಸ ಮಾಡಬಾರದಿತ್ತು ಎಂದರು. ಮೋಸ ಎಂಬ ಮಾತು ಬಿದ್ದ ಕೂಡಲೇ ಅವಳು ಒಳಗೆ ಹೋದಳು. ಚೀಲ ತೆಗೆದುಕೊಂಡು ಹೊರಟಳು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ.

ಬುಧವಾರ ಬೆಳಿಗ್ಗೆ ಇವರು ಪಿಂಚಣಿ ಕಚೇರಿಗೆ ಹೋಗಿದ್ದಾಗ ಅವಳು ಮತ್ತೆ ಬಂದಳು. ಅಣ್ಣ ಇಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದಳು. ಒಳಗೆ ಬರಲಿಲ್ಲ, ಪಕ್ಕದ ಓಣಿಯಿಂದ ನೇರ ಹಿತ್ತಿಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಆ ವಾರದಲ್ಲಿ ಇನ್ನೂ ಏಳೆಂಟು ಹೂ ಅರಳಿದ್ದವು. ಸುತ್ತಲಿನ ಕೆಂಪು, ತುಕ್ಕು, ಜೇನುಬಣ್ಣಗಳ ನಡುವೆ ಆ ಗಿಡ ಕಣ್ಣು ಕೋರೈಸುತ್ತಿತ್ತು. ಅವಳು ಅದರ ಮುಂದೆ ನಿಂತು ನನ್ನ ಕಡೆ ತಿರುಗಿದಳು. ಅಷ್ಟು ವರ್ಷದಲ್ಲಿ ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಹೇಳುವುದಷ್ಟೇ ಅವಳ ಅಭ್ಯಾಸ.

"ಅತ್ತಿಗೆ, ಅಣ್ಣನ ವಿಷಯ ಬಿಡಿ. ನಿಮ್ಮ ಕಣ್ಣಿಗೆ ಇದು ಯಾವ ಬಣ್ಣ ಕಾಣುತ್ತೆ? ನೀವು ಹೇಳಿದ್ರೆ ನಾನು ಒಪ್ಕೋತೀನಿ."

ಒಂದೇ ಪದ ಸಾಕಿತ್ತು. ಬಿಳಿ ಎಂದರೆ ಎರಡೇ ಅಕ್ಷರ. ಹೂವು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಇತ್ತು. "ಬಣ್ಣದ ವಿಷಯ ನನಗೇನು ಗೊತ್ತು?" ಎಂದೆ. "ಅವರು ಹಳದಿ ಅಂದ್ಮೇಲೆ ಹಳದಿಯೇ ಇರಬೇಕು. ನನಗೂ ಹಾಗೇ ಕಾಣುತ್ತೆ."

ಅವಳು ನನ್ನ ಮುಖವನ್ನು ನೋಡಿದಳು, ಹೂವನ್ನು ನೋಡಿದಳು. ಹಾಗಾದರೆ ನನ್ನ ಕಣ್ಣೇ ಕೆಟ್ಟಿರಬೇಕು ಎಂದು ತನಗೆ ತಾನೇ ಹೇಳಿಕೊಂಡ ಹಾಗೆ ಹೇಳಿದಳು. ಟೀ ಮಾಡುತ್ತೇನೆ ಎಂದೆ, ಬೇಡ ಎಂದಳು. ಮತ್ತೆ ನಮ್ಮ ಮನೆಗೆ ಅವಳು ಬರಲಿಲ್ಲ. ನನ್ನ ಡಬ್ಬಿಗಳು ಇಟ್ಟಲ್ಲೇ ಇದ್ದವು. ಮೊದಲ ಒಂದೆರಡು ತಿಂಗಳು ಅದು ಹಾಯೆನಿಸಿತು. ಆಮೇಲೆ ಭಾನುವಾರ ಬಂದರೆ ಇವರು ಬಾಗಿಲ ಕಡೆ ನೋಡುವುದು, ಪೇಪರನ್ನು ತಿರುಗಿಸಿ ತಿರುಗಿಸಿ ಅದೇ ಪುಟಕ್ಕೆ ಬರುವುದು ಕಾಣುತ್ತಿತ್ತು. ಹೋಗಿ ಮಾತಾಡಿಸಿ ಬನ್ನಿ ಎಂದರೆ, ತಪ್ಪು ಒಪ್ಪಿಕೊಂಡು ಅವಳು ಬರಲಿ ಎನ್ನುತ್ತಿದ್ದರು. ನಾನು ಹೆಚ್ಚು ಒತ್ತಾಯ ಮಾಡಲಿಲ್ಲ. ಅವಳು ಬಂದರೆ ನಮ್ಮಿಬ್ಬರ ನಡುವೆ ಬುಧವಾರ ನಡೆದದ್ದೂ ಬರುತ್ತಿತ್ತಲ್ಲ.

ಗಿಡವನ್ನು ಇವರು ಕಿತ್ತೆಸೆಯಲಿಲ್ಲ. ಗಿಡ ಏನು ಮಾಡೀತು ಎಂದು ಅಗೆದು ತೆಗೆದು ನೀರಿನ ತೊಟ್ಟಿಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಟ್ಟರು. ಅದಕ್ಕೆ ನೂಲು ಕಟ್ಟಲಿಲ್ಲ. ಅದು ಸೋಪಿನ ನೀರು ಕುಡಿದುಕೊಂಡು, ಯಾರ ಆರೈಕೆಯೂ ಇಲ್ಲದೆ, ಬುಡದಿಂದ ಮರಿ ಒಡೆದು ಒಡೆದು ಪೊದೆಯಾಯಿತು. ಪ್ರತಿ ವರ್ಷ ಎಲ್ಲ ಹೂವೂ ಮುಗಿದ ಮೇಲೆ ಅಲ್ಲಿ ಅರಳುತ್ತಿತ್ತು. ಬಟ್ಟೆ ಒಗೆಯುವವಳು ನಾನು, ನೋಡುವವಳೂ ನಾನೊಬ್ಬಳೇ. ಇವರು ಆ ಕಡೆ ಹೋಗುತ್ತಿರಲಿಲ್ಲ.

ಎರಡು ವರ್ಷದ ಮೇಲೆ ನಾದಿನಿ ಔಷಧಿ ಅಂಗಡಿಯಲ್ಲೇ, ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಳಂತೆ. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇವರು ತಂಗಿಯ ಕಾಲ ಬಳಿ ನಿಂತಿದ್ದರು. ಅಳಲಿಲ್ಲ. ಅವಳ ಮಗಳು ಬಂದು ಮಾವ ಎಂದು ತೋಳು ಹಿಡಿದುಕೊಂಡಾಗಲೂ ಅಳಲಿಲ್ಲ. ಮನೆಗೆ ಬಂದು ಕೋಟು ಬಿಚ್ಚುತ್ತಾ, ಒಂದು ಸಲ ಒಪ್ಪಿಕೊಂಡುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು, ಎಷ್ಟು ಹಟ ನೋಡು ಇವಳದು, ಎಂದರು. ನಾನು ಕೋಟು ತೆಗೆದುಕೊಂಡು ಒಳಗೆ ಹೋದೆ. ಅವತ್ತು ಹೇಳಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಸತ್ತವಳಿಗೆ ಪ್ರಯೋಜನವಿಲ್ಲ, ಬದುಕಿರುವವರಿಗೆ ಯಾಕೆ ನೋವು ಎಂದು ಆಗ ಅಂದುಕೊಂಡೆ. ನಿಜವಾಗಿ ನನಗೆ ಭಯವಿತ್ತು, ಅಷ್ಟೇ.

ಮತ್ತೆರಡು ವರ್ಷಕ್ಕೆ ಇವರಿಗೆ ಪೇಪರಿನ ದಪ್ಪ ಅಕ್ಷರವೂ ಕಾಣದಾಯಿತು. ಹಿತ್ತಿಲಿನ ಮೆಟ್ಟಿಲು ತಪ್ಪಿ ಬಿದ್ದರು. ಆಮೇಲೆ ನನ್ನ ಮಾತು ಕೇಳಿ ಕಣ್ಣಿನ ಆಸ್ಪತ್ರೆಗೆ ಬಂದರು. ಡಾಕ್ಟರಮ್ಮ ಇವರ ಕಣ್ಣಿಗೆ ದೀಪ ಬಿಟ್ಟು ನೋಡಿ, ಪೊರೆ ಇಷ್ಟು ಬಲಿತಿದೆಯಲ್ಲ, ಇದು ಹತ್ತು ವರ್ಷದಿಂದಾದರೂ ನಿಧಾನವಾಗಿ ಬಂದದ್ದು ಎಂದರು. ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಹೇಳಿದಾಗ ಅವರಿಗೆ ಆಶ್ಚರ್ಯವಾಯಿತು.

"ನೀವು ಇಷ್ಟು ವರ್ಷ ತಿಳಿ ಟೀ ಬಣ್ಣದ ಗಾಜಿನ ಹಿಂದಿನಿಂದ ನೋಡ್ತಿದ್ದ ಹಾಗೆ," ಎಂದರು. "ಬಿಳಿ ನಿಮಗೆ ಬಿಳಿಯಾಗಿ ಕಂಡು ಎಷ್ಟೋ ಕಾಲ ಆಗಿರಬೇಕು."

ಇವರು ಕುರ್ಚಿಯ ಕೈ ಹಿಡಿದುಕೊಂಡರು. ಅವರ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತಿತ್ತು.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು, ಎಡಗಣ್ಣಿಗೆ ಎರಡು ತಿಂಗಳು ಬಿಟ್ಟು ಬರಲು ಹೇಳಿದರು. ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ಕಪ್ಪು ಕನ್ನಡಕ ತೆಗೆಯಬೇಡಿ ಎಂದರೂ ಕೇಳದೆ ಹಿತ್ತಿಲಿಗೆ ಇಳಿದರು. ಶರತ್ಕಾಲದ ಕೊನೆಯ ವಾರ. ರಾತ್ರಿಯ ಇಬ್ಬನಿ ಇನ್ನೂ ಆರಿರಲಿಲ್ಲ. ಡೇರೆಯ ಬದನೆ ಬಣ್ಣದ ಮುಂದೆ ನಿಂತು, ಇದರೊಳಗೆ ಇಷ್ಟು ನೀಲಿ ಇತ್ತಾ ಎಂದರು. ಆಸ್ಟರ್‌ಗಳನ್ನು ನೋಡಿ ಮಗುವಿನಂತೆ ನಕ್ಕರು. ಇವು ನೇರಳೆ ಕಣೇ, ನಾನು ಬೂದು ಅಂದ್ಕೊಂಡಿದ್ದೆ ಎಂದು ನನ್ನನ್ನು ಕರೆದು ಕರೆದು ತೋರಿಸಿದರು. ಆ ಹತ್ತು ನಿಮಿಷ ನಾನು ಎಲ್ಲವನ್ನೂ ಮರೆತು ಅವರ ಜೊತೆ ಓಡಾಡಿದೆ. ಹೂಗಳು ಅಷ್ಟು ಚೆಂದವಾಗಿ ನನಗೂ ಹಿಂದೆಂದೂ ಕಂಡಿರಲಿಲ್ಲ.

ಆಮೇಲೆ ಅವರು ತಾವಾಗಿಯೇ ನೀರಿನ ತೊಟ್ಟಿಯ ಹಿಂದೆ ಹೋದರು. ನಾನು ಹೋಗಲಿಲ್ಲ. ತೊಟ್ಟಿಯ ಈಚೆಯಿಂದ ಅವರ ತಲೆ ಮಾತ್ರ ಕಾಣುತ್ತಿತ್ತು. ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಎಡ, ಮತ್ತೆ ಬಲ. ಎರಡು ಲಡಿಗಳನ್ನು ಅಕ್ಕಪಕ್ಕ ಹಿಡಿದು ನೋಡುವ ಹಾಗೆ, ಒಂದೇ ಹೂವನ್ನು ಎರಡು ಕಣ್ಣಿನಲ್ಲಿ ಹಿಡಿದು ನೋಡಿದರು. ಎಷ್ಟು ಸಲ ನೋಡಿದರೋ, ನಾನು ಮೆಟ್ಟಿಲ ಮೇಲೆ ಕುಳಿತೆ. ಅವರು ಬಂದು ಪಕ್ಕದಲ್ಲಿ ಕುಳಿತರು. ಮುಖವೆಲ್ಲ ಒದ್ದೆ. ಆಪರೇಷನ್ ಆದ ಕಣ್ಣು, ಅಳಬಾರದು ಎಂದೆ.

"ಅವಳು ಕೊಟ್ಟಿದ್ದು ಅಮ್ಮನದ್ದೇ," ಎಂದರು.

ಮರುದಿನವೇ ನಾದಿನಿಯ ಮಗಳ ಮನೆಗೆ ಹೊರಟೆವು. ಬುಡದಿಂದ ನಾಲ್ಕು ಮರಿ ಬಿಡಿಸಿ, ಒದ್ದೆ ಕಾಗದ ಸುತ್ತಿ, ಇವರು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅಮ್ಮನ ಗಿಡದ ಪಕ್ಕ ಇದನ್ನೂ ನೆಟ್ಟುಕೊಳ್ಳಲಿ, ಎರಡೂ ಒಂದೇ ಎಂದು ಅವಳೂ ನೋಡಲಿ ಎನ್ನುತ್ತಿದ್ದರು. ಆ ಹುಡುಗಿ ನಮ್ಮನ್ನು ಕಂಡು ಗಾಬರಿಯಾದಳು, ಆಮೇಲೆ ಸಂತೋಷಪಟ್ಟಳು. ಇವರು ಕುಳಿತುಕೊಳ್ಳುವ ಮೊದಲೇ ನಡೆದದ್ದನ್ನೆಲ್ಲ ಹೇಳಿ, ನನ್ನನ್ನು ಕ್ಷಮಿಸು ಎಂದು ನಿನ್ನ ಅಮ್ಮನಿಗೆ ಹೇಳಲಾಗುವುದಿಲ್ಲ, ನಿನಗೆ ಹೇಳುತ್ತೇನೆ ಎಂದರು. ಅವಳು ಮಾವನ ಕೈಯಿಂದ ಮರಿಗಳನ್ನು ತೆಗೆದುಕೊಂಡಳು. ಅವಳಿಗೆ ಹೇಳುವ ಮನಸ್ಸಿರಲಿಲ್ಲ ಎಂದು ಕಾಣುತ್ತದೆ, ಇವರು ಅಮ್ಮನ ಗಿಡ ಎಲ್ಲಿದೆ ತೋರಿಸು ಎಂದು ಎದ್ದದ್ದರಿಂದ ಹೇಳಬೇಕಾಯಿತು.

"ಇಲ್ಲಿ ಇಲ್ಲ ಮಾವ. ಇದ್ದದ್ದು ಅದೊಂದೇ. ಏಳು ವರ್ಷ ಅದು ಮರಿ ಹಾಕಲೇ ಇಲ್ಲ, ಬದುಕಿದ್ದೇ ಹೆಚ್ಚು. ನಮ್ಮಣ್ಣನ ಕೈಗೆ ಹೋದ್ರೆ ಚಿಗುರುತ್ತೆ ಅಂತ ಅಮ್ಮ ಬುಡ ಸಮೇತ ನಿಮಗೇ ಕೊಟ್ಟುಬಿಟ್ಲು."

ಇವರು ನಿಂತಲ್ಲೇ ನಿಂತಿದ್ದರು. ಅವಳು ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮಾತು ಶುರುವಾದ ಮೇಲೆ ನಿಲ್ಲಲಿಲ್ಲ. ಜಗಳವಾದ ವಾರವೇ ಅಮ್ಮ ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು, ನನಗೆ ಬಿಳಿ ಹಳದಿ ಗೊತ್ತಾಗುತ್ತಿಲ್ಲ ನೋಡಿ ಎಂದು ಪರೀಕ್ಷೆ ಮಾಡಿಸಿಕೊಂಡಳು, ಕಣ್ಣು ಚೆನ್ನಾಗಿದೆ, ಏನೂ ತೊಂದರೆ ಇಲ್ಲ ಎಂದರಂತೆ, ಮನೆಗೆ ಬಂದವಳು ಅವತ್ತು ಊಟ ಮಾಡಲಿಲ್ಲ, ಅದಾದ ಮೇಲೆ ಆ ಹೂವಿನ ಮಾತನ್ನೇ ಎತ್ತಲಿಲ್ಲ ಎಂದಳು. ಯಾಕೆ ಹಾಗೆ ಮಾಡಿದಳೋ ಮಾವ, ಅವಳ ಕಣ್ಣು ಯಾವತ್ತೂ ಚೆನ್ನಾಗಿಯೇ ಇತ್ತು ಎಂದಳು. ನಾನು ನನ್ನ ಟೀ ಲೋಟದೊಳಗೆ ನೋಡುತ್ತಾ ಕುಳಿತಿದ್ದೆ. ಬುಧವಾರ ನನ್ನ ಮಾತು ಕೇಳಿ ತನ್ನ ಕಣ್ಣನ್ನೇ ಅನುಮಾನಿಸಿದ್ದಳು. ಡಾಕ್ಟರು ಹೇಳಿದ ಮೇಲೆ ಯಾರನ್ನು ಅನುಮಾನಿಸಬೇಕೆಂದು ತಿಳಿದಿರಬೇಕು. ತಿಳಿದೂ ಅಣ್ಣನಿಗೆ ನನ್ನ ಮೇಲೆ ಚಾಡಿ ಹೇಳಲಿಲ್ಲ. ಮಗಳಿಗೂ ಹೇಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಇವರು ಕಿಟಕಿಯ ಪಕ್ಕ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ ನನ್ನ ಕೈಯನ್ನು ಎಳೆದುಕೊಂಡು ತಮ್ಮ ಕೈಯೊಳಗೆ ಇಟ್ಟುಕೊಂಡರು. ಮೂವತ್ತೈದು ವರ್ಷದಲ್ಲಿ ಬಸ್ಸಿನಲ್ಲಿ ಹಾಗೆ ಮಾಡಿದವರಲ್ಲ.

"ತೋರಿಸ್ಕೋಬೇಕಾಗಿದ್ದವನು ನಾನು, ಅವಳು ಹೋಗಿ ಕಣ್ಣು ತೋರಿಸ್ಕೊಂಡ್ಲು," ಎಂದರು. "ನಿನಗೆ ಬಿಳಿ ಅಂತಾನೇ ಕಾಣ್ತಿತ್ತು, ನನಗೆ ಹೆದರಿ ಹೇಳಲಿಲ್ಲ. ಅದು ನನ್ನ ತಪ್ಪೇ. ಆದ್ರೆ ಅವಳು ಡಾಕ್ಟರ ಹತ್ರ ಹೋಗೋ ಬದಲು ನಿನ್ನನ್ನ ಒಂದು ಮಾತು ಕೇಳಬಾರದಿತ್ತಾ? ನೀನು ಹೇಳ್ತಿದ್ದೆ."

ಹೂಂ ಎನ್ನಬಹುದಿತ್ತು. ಅವರು ನಂಬುತ್ತಿದ್ದರು. ನನ್ನ ಕೈ ಅವರ ಕೈಯೊಳಗೇ ಇತ್ತು.

"ಕೇಳಿದ್ಲು," ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ನೀನು ಅವಳಿಗೆ ಏನಂದೆ ಎಂದು ಕೇಳಿದರು. ಬುಧವಾರ ಬಂದದ್ದು, ಗಿಡದ ಮುಂದೆ ನಿಂತದ್ದು, ನಾನು ಹೇಳಿದ ಮಾತು, ಒಂದನ್ನೂ ಬಿಡದೆ ಹೇಳಿದೆ. ಡೇರೆ ಹೂಗಳ ಮುಂದೆ ಅವಳು ಆಡಿದ ಆ ಭಾನುವಾರದ ಮಾತನ್ನೂ ಹೇಳಹೊರಟು, ಬಾಯಿಗೆ ಬಂದ ಕೂಡಲೇ ಅದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಅರ್ಧಕ್ಕೇ ನಿಲ್ಲಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕೈಯನ್ನು ತೆಗೆದು, ನಿಧಾನವಾಗಿ, ನನ್ನ ತೊಡೆಯ ಮೇಲೆ ವಾಪಸು ಇಟ್ಟರು.

ನಮ್ಮ ಸ್ಟಾಪು ಬಂದಾಗ ಅವರು ಮುಂದೆ ಇಳಿದರು. ಬಸ್ಸಿನ ಮೆಟ್ಟಿಲು ಎತ್ತರ, ನನಗೆ ಮೊಣಕಾಲು ನೋವು. ಪ್ರತಿ ಸಲ ಕೆಳಗೆ ನಿಂತು ಕೈ ಕೊಡುತ್ತಿದ್ದರು. ಅವತ್ತು ನಾನು ಕಂಬಿ ಹಿಡಿದುಕೊಂಡು ಒಬ್ಬಳೇ ಇಳಿದೆ. ಅಷ್ಟರಲ್ಲಿ ಅವರು ಬೀದಿಯ ತಿರುವಿನವರೆಗೆ ಹೋಗಿಯಾಗಿತ್ತು.